ಹುಳುವಿನ ಹಾಡು ಯಾರದು

ಮತ್ತೆ ಅದೇ ಹಾಡು, ಟೊಮೆಟೊ ಹೇರಿಕೊಂಡು ಹೋಗುವ ಟೆಂಪೊದಿಂದ, ಬೀದಿಯ ತಿರುವಿನಲ್ಲಿ ಜೋರಾಗಿ, ಆಮೇಲೆ ಸಣ್ಣಗಾಗುತ್ತ ಶ್ರೀನಿವಾಸಪುರದ ಕಡೆಗೆ, ಡೋಲಿನ ಬಡಿತ ಮಾತ್ರ ಇನ್ನೂ ಕಿವಿಯಲ್ಲಿ, ನಾನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಅವರೆಕಾಳು ಹಿಡಿದು ಹಾಗೇ ಕೂತುಬಿಟ್ಟಿದ್ದೇನೆ, ಹಿತುಕಬೇಕು, ರಾತ್ರಿ ನೆನೆಹಾಕಿದ ಕಾಳು, ಮೆಲ್ಲಗೆ ಒತ್ತಿದರೆ ಬೇಳೆ ಪುಟಕ್ಕನೆ ಹಾರಿ ತಟ್ಟೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ, ಹಾಡಿನದೂ ಹಾಗೇ ಆಯಿತಲ್ಲ, ಬೇಳೆ ಅವರ ತಟ್ಟೆಗೆ, ಸಿಪ್ಪೆ ಹಿಡಿದುಕೊಂಡು ಯಲ್ದೂರಿನ ಹಿತ್ತಿಲಲ್ಲಿ ನಾನು — ಕೆಲಸ ನೋಡು ಗಂಗರತ್ನಮ್ಮ, ಹೊತ್ತು ಏರುತ್ತಿದೆ, ಸಾರಿಗೆ ಇಡಬೇಕು. ಈ ಕೆಲಸ ಒಬ್ಬರೇ ಮಾಡುವುದಲ್ಲ, ಎದುರಿಗೆ ಇನ್ನೊಬ್ಬರು ಕೂತಿರಬೇಕು, ಮುನಿಲಕ್ಷ್ಮಿ ಕೂರುತ್ತಿದ್ದಳು, ಈ ಮೆಟ್ಟಿಲ ಮೇಲೆ ನಾನು, ಆ ಒಗೆಯುವ ಕಲ್ಲಿನ ಮೇಲೆ ಅವಳು, ನಡುವೆ ತಟ್ಟೆ, ನಾನು ಒಂದು ಸೊಲ್ಲು ಎತ್ತಿದರೆ ಅವಳು ಅದನ್ನು ಹಿಡಿದು ತಿರುಗಿ ಹಾಡುವಳು, ಕಾಳು ಮುಗಿದದ್ದೇ ಗೊತ್ತಾಗುತ್ತಿರಲಿಲ್ಲ. ದೀಪಾವಳಿಯಿಂದ ಈಚೆಗೆ ಕಲ್ಲು ಖಾಲಿ. ಬರಬೇಡ ಎಂದು ನಾನೇನೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ, ಬೀದಿಯಲ್ಲಿ ಎದುರಾದರೆ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದೆ, ಅವಳಿಗೆ ಅಷ್ಟು ಸಾಕು, ಅರ್ಥ ಮಾಡಿಕೊಳ್ಳುವ ಹೆಂಗಸು ಅವಳು, ತುಂಬಾ ಅರ್ಥ ಮಾಡಿಕೊಳ್ಳುವ ಹೆಂಗಸು, ಅದಕ್ಕೇ ನನಗೆ ಅನುಮಾನ.

ಹುಳುವಿಗೆ ಸೊಪ್ಪಿಕ್ಕಿ ಕೈ ತೊಳೆದು ಬಾರವ್ವ, ಗೂಡು ಕಟ್ಟೋ ಹೊತ್ತು ನಿನಗೂ ಬಂತು, ಸೋಬಾನೆ, ಹಸೆಗೆ ಬಾ ನನ್ನ ಗಿಣಿಮರಿಯೆ — ಹೀಗೆ ಅದು. ಹೀಗೇ ನಾನು ಕಟ್ಟಿದ್ದು. ನನ್ನ ಮಗಳು ವಾಣಿಶ್ರೀಯನ್ನು ನಂಗಲಿಗೆ ಕೊಡುವುದೆಂದು ಮಾತಾದ ವರ್ಷ, ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದು, ಪೊರೆ ಕಳಚಿ, ಹಸಿದು ತಿನ್ನುವ ಕಾಲ, ಹುಳದ ಮನೆಯಲ್ಲಿ ತಟ್ಟೆ ತಟ್ಟೆಯಲ್ಲೂ ಚರಚರ ಸದ್ದು, ನಾನು ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದೇನೆ, ವಾಣಿ ಹೊರಗೆ ತೊಟ್ಟಿಯ ಹತ್ತಿರ ಕೈ ತೊಳೆಯುತ್ತಿದ್ದಾಳೆ, ಒಳಗೆ ಬರುವ ಮುಂಚೆ ಕೈ ತೊಳೆಯದಿದ್ದರೆ ಹುಳು ಉಳಿಯುವುದಿಲ್ಲ, ಆ ಬಳೆಗಳ ಸದ್ದು ಕೇಳಿತು, ಇನ್ನೊಂದು ಬೆಳೆಗೆ ಈ ಬಳೆ ಇಲ್ಲಿರುವುದಿಲ್ಲ, ಬಾಯಿಂದ ಆ ಸಾಲು ತಾನಾಗಿ ಬಂತು. ಹಿಂದೆ ಸೊಪ್ಪಿನ ಹೊರೆ ಹೊತ್ತು ನಿಂತಿದ್ದ ಮುನಿಲಕ್ಷ್ಮಿ ಕೇಳಿಸಿಕೊಂಡಳು, ಏನಕ್ಕಯ್ಯಾ, ಹುಳದ್ ಮನೇಲಿ ಮದ್ವೆ ಪದ ಹಾಡ್ತಿದ್ದೀಯ, ಹುಳಕ್ಕೂ ಗಂಡು ನೋಡಿದ್ಯಾ, ಎಂದು ನಕ್ಕಳು, ನಗುತ್ತಲೇ ಹೊರೆ ಇಳಿಸಿ ಅದೇ ಸಾಲನ್ನು ತಿರುಗಿ ಹೇಳಿದಳು, ಅವಳು ತಿರುಗಿ ಹೇಳಿದ ಮೇಲೆ ಅದು ಹಾಡಾಯಿತು. ಅಂದರೆ ಕೇಳಿದವಳು ಅವಳೊಬ್ಬಳೇ. ಮೊದಲ ಕಿವಿ ಅವಳದು. ಹಾಡು ಕದಿಯಬೇಕೆಂದರೆ ಮೊದಲ ಕಿವಿಗಿಂತ ಹತ್ತಿರದವರು ಯಾರು? ಆಗಿನಿಂದ ಎಷ್ಟು ಮನೆಯ ಹಸೆಗೆ ಹಾಡಿದೆವು ನಾವಿಬ್ಬರು, ಯಲ್ದೂರಿನಲ್ಲಿ, ಸುತ್ತಲ ಹಳ್ಳಿಗಳಲ್ಲಿ, ಮಾಲೂರಿನ ಕಡೆಯ ಬೀಗರ ಮನೆಗಳಲ್ಲಿ, ಎಲ್ಲಿ ಹೋದರೂ ಅದೇ ಹುಳು, ಅದೇ ಗೂಡು, ಅದೇ ಗಿಣಿಮರಿ, ಮದುಮಗಳ ತಾಯಿ ಅಳದೆ ಬಿಟ್ಟದ್ದಿಲ್ಲ.

ಅದು ಮನೆಮನೆಯಲ್ಲೇ ಇದ್ದಿದ್ದರೆ ಇಷ್ಟಾಗುತ್ತಿರಲಿಲ್ಲ, ಫೋನಿಗೆ ಹತ್ತಿತು ನೋಡು. ಹೋದ ಮಾಘದಲ್ಲಿ ಆಂಜಿಯ ಮದುವೆ, ನಮ್ಮ ಬೀದಿಯ ಹುಡುಗ, ಮುಳಬಾಗಿಲಿನಿಂದ ಚಂದ್ರಮೋಹನ್ ಬಂದಿದ್ದ, ಫೋಟೋ ಸ್ಟುಡಿಯೋದವನು, ಛತ್ರಿಯಂಥ ದೀಪ ನಿಲ್ಲಿಸಿ, ಅಮ್ಮಾ ಇನ್ನೊಂದ್ಸಲ ಹಾಡಿ, ಈ ಕಡೆ ನೋಡಿ, ಸ್ವಲ್ಪ ನಕ್ಕೊಂಡು ಹಾಡಿ, ಎಂದು ಮಾತಾಡಿಸಿಕೊಂಡು ವಿಡಿಯೋ ತೆಗೆದ. ಅಳುವ ಹಾಡನ್ನು ನಕ್ಕೊಂಡು ಹಾಡು ಎನ್ನುವವನನ್ನು ಅವತ್ತೇ ಅನುಮಾನಿಸಬೇಕಿತ್ತು. ಮೊಮ್ಮಗಳು ತ್ರಿವೇಣಿಯೂ ತನ್ನ ಫೋನಿನಲ್ಲಿ ಬೇರೆಯಾಗಿ ಹಿಡಿದಳು, ವಾಣಿಯ ಮಗಳು, ಶ್ರೀನಿವಾಸಪುರದ ಕಾಲೇಜಿಗೆ ಹೋಗುವುದಕ್ಕೆಂದು ನನ್ನ ಜೊತೆ ಇದ್ದಾಳೆ, ಅಮ್ಮಮ್ಮನ ಹಾಡು ಎಂದು ಒಂದು ಪುಟ ಮಾಡಿ ಅದರಲ್ಲಿ ಹಾಕಿದಳು. ಊರೂರಿನವರು ನೋಡಿದರು, ಯಾರೋ ಅಳುವ ಮುಖ ಹಾಕಿದರು, ಯಾರೋ ಹೂ ಹಾಕಿದರು, ನಂಗಲಿಯಿಂದ ವಾಣಿ ಫೋನು ಮಾಡಿ, ಅಮ್ಮಾ, ಢಾಬಾದಲ್ಲಿ ಲಾರಿ ಡ್ರೈವರ್‌ಗಳೆಲ್ಲ ನಿನ್ನ ಹಾಡೇ ಕೇಳ್ತಾವ್ರೆ ಕಣೇ, ಎಂದಳು, ನನಗೆ ಸಂತೋಷವಾಯಿತು, ಸುಳ್ಳೇಕೆ. ಆಮೇಲೆ ಒಂದು ಬೆಳಗ್ಗೆ ತ್ರಿವೇಣಿ ಮುಖ ಬಾಡಿಸಿಕೊಂಡು ಬಂದಳು, ಅಮ್ಮಮ್ಮ, ವಿಡಿಯೋ ತೆಗೆದುಹಾಕವ್ರೆ. ಯಾರು ತೆಗೆದರು? ಕಾಪಿರೈಟ್ ಅಂತೆ, ಹಾಡು ಬೇರೆಯೋರದಂತೆ, ಬೆಂಗಳೂರಿನ ಒಂದು ಮ್ಯೂಸಿಕ್ ಕಂಪನೀದಂತೆ, ನಾವು ಕದ್ದು ಹಾಕಿದ್ದೀವಂತೆ, ಇನ್ನೂ ಹಿಂಗೇ ಆದ್ರೆ ಪುಟಾನೇ ಮುಚ್ಚಿಬಿಡ್ತಾರಂತೆ. ನನ್ನ ಬಾಯಿ, ನನ್ನ ಹಾಡು, ನಾನು ಕದ್ದೆನೇ? ನೀನೇ ಏನೋ ತಪ್ಪು ಒತ್ತಿರ್ತೀಯ ನೋಡೇ, ಎಂದೆ. ಅವಳು ಕಂಪನಿಯ ಹಾಡು ಹಾಕಿ ತೋರಿಸಿದಳು. ಒಂದು ಹುಡುಗಿ, ತುಟಿಗೆ ಬಣ್ಣ, ಹಿಂದೆ ಡೋಲು, ಹೂವಿಗೆ ನೀರಿಕ್ಕಿ ಕೈ ತೊಳೆದು ಬಾರವ್ವ. ಹೂವಿಗೆ! ಹುಳು ಎಂದರೆ ಅಸಹ್ಯವಾಗುತ್ತದೆಂದು ಹೂ ಮಾಡಿದ್ದಾರೆ, ಮುಂದಿನ ಸಾಲು ಹಾಗೇ ಬಿಟ್ಟಿದ್ದಾರೆ, ಗೂಡು ಕಟ್ಟೋ ಹೊತ್ತು, ಹೂವು ಎಲ್ಲಾದರೂ ಗೂಡು ಕಟ್ಟುತ್ತದೆಯೇ, ಮನೆ ಹೊಕ್ಕ ಕಳ್ಳ ಪಾತ್ರೆಯ ಮೇಲಿನ ಹೆಸರು ಕೆರೆದುಹಾಕಿ ತಳದಲ್ಲಿರುವುದನ್ನು ಮರೆತಂತಿದೆ.

ಅದನ್ನಾದರೂ ತಾಳಿಕೊಂಡೆ, ತಾಳಿಕೊಳ್ಳುವುದು ನನಗೆ ಹೊಸದಲ್ಲ, ಅಕ್ಷರ ಕಲಿಯುವುದಕ್ಕೇ ತಲೆ ನರೆಯುವವರೆಗೆ ಕಾದವಳು ನಾನು, ಹೊಲದಿಂದ ಬಂದು, ಮುದ್ದೆ ತೊಳಸಿಟ್ಟು, ಶಾಲೆಯ ಜಗಲಿಯಲ್ಲಿ ರಾತ್ರಿ ತರಗತಿಗೆ ಕೂತು, ನಿದ್ದೆ ತೂಗುತ್ತ ಗ ಬರೆದು ಅದಕ್ಕೆ ಸೊನ್ನೆ ಸೇರಿಸಿ ಗಂ ಎಂದು ಓದಿದಾಗ ನನ್ನ ಹೆಸರಿನ ಬಾಗಿಲು ತೆರೆದಂತಾಗಿತ್ತು, ಪಕ್ಕದಲ್ಲಿ ಮುನಿಲಕ್ಷ್ಮಿ, ಮು ಬರೆಯಲು ಅವಳಿಗೆ ಬಾರದು, ಇದ್ಯಾಕಕ್ಕಯ್ಯಾ ಹಾವು ಹೆಡೆ ಎತ್ತಿದಂಗೈತೆ, ಎಂದು ಮೇಷ್ಟರಿಗೂ ನಗು ತರಿಸಿದ್ದಳು — ಅವಳನ್ನು ಬಿಡು. ತಾಳಲಾಗದ್ದು ಹೋಳೂರಿನ ಮದುವೆ. ಹಸೆಗೆ ಕರೆದಿದ್ದರು, ನಾವಿಬ್ಬರೂ ಹೋದೆವು, ಮದುಮಗಳ ಕಾಲಿಗೆ ಅರಿಶಿನ ಹಚ್ಚುತ್ತ ನಾನು ಸೊಲ್ಲೆತ್ತಿದೆ, ಹುಳುವಿಗೆ ಸೊಪ್ಪಿಕ್ಕಿ, ಅಷ್ಟರಲ್ಲಿ ಒಂದು ಹುಡುಗಿ, ಮದುಮಗಳ ಗೆಳತಿಯೋ ಏನೋ, ಮೇಘನ ಎಂದು ಕೂಗುತ್ತಿದ್ದರು, ಅಜ್ಜೀ, ಹುಳು ಅಲ್ಲ ಹೂವು, ತಪ್ಪು ಹಾಡ್ತಿದ್ದೀರ, ಎಂದಳು, ಪಾಪ ಮರ್ಯಾದೆಯಿಂದಲೇ ಹೇಳಿದಳು, ಪಕ್ಕದವಳು, ಮದ್ವೆ ಮನೇಲಿ ಹುಳು ಗಿಳು ಅಂತೀರಲ್ಲ, ಫೋನಲ್ಲಿ ಒರಿಜಿನಲ್ ಐತೆ ಇರಿ, ಎಂದು ದೊಡ್ಡ ಸ್ಪೀಕರಿಗೆ ಸಿಕ್ಕಿಸಿದಳು, ಡೋಲು ಬಡಿಯಿತು, ಎಲ್ಲರೂ ಎದ್ದು ಕುಣಿದರು, ನನ್ನ ಕೈಯಲ್ಲಿ ಅರಿಶಿನ ಒಣಗಿತು. ಒರಿಜಿನಲ್! ನನ್ನ ಹಾಡನ್ನು ನಾನು ತಪ್ಪು ಹಾಡುತ್ತೇನೆ. ಮುನಿಲಕ್ಷ್ಮಿಯ ಮುಖ ನೋಡಿದೆ, ಜಗಳವಾಡುವಳು ಎಂದುಕೊಂಡೆ, ಬೀದಿ ನಲ್ಲಿಯ ಹತ್ತಿರ ಒಂದು ಬಿಂದಿಗೆಗೆ ಊರು ಎಬ್ಬಿಸುವವಳು ಅವಳು, ಅವತ್ತು ಪೋನೀಲೇ ಅಕ್ಕಯ್ಯಾ, ಹೋಗ್ಲಿ ಬುಡು, ಎಂದು ಎಲೆಅಡಿಕೆ ಸುತ್ತುತ್ತ ಕೂತಳು. ಏಕೆ ಬಿಡಬೇಕು? ಬಿಟ್ಟುಬಿಡು ಎನ್ನುವವರಿಗೆ ಬಿಡುವುದರಲ್ಲಿ ಏನೋ ಲಾಭವಿರಬೇಕು.

ಆವತ್ತಿನಿಂದ ಹುಡುಕುತ್ತಿದ್ದೇನೆ, ಕೂತಲ್ಲೇ, ಕಾಳಿನಲ್ಲಿ ಕಲ್ಲು ಹುಡುಕುವಂತೆ. ಮೊದಲು ಚಂದ್ರಮೋಹನ್. ತ್ರಿವೇಣಿ ಫೋನು ಮಾಡಿ ಕೇಳಿದಳು, ಅವನು, ಅಯ್ಯೋ ನಾನೇನೂ ಕೊಟ್ಟಿಲ್ಲಮ್ಮ, ಚೆನ್ನಾಗೈತೆ ಅಂತ ನಮ್ ಫೋಟೋಗ್ರಾಫರ್ಸ್ ಗ್ರೂಪಿಗೆ ಹಾಕ್ದೆ, ಅಲ್ಲಿಂದ ಯಾರ್ಯಾರು ಎತ್ಕೊಂಡ್ರೋ, ಎಲ್ರೂ ಹಂಚ್ತಾರಲ್ಲ, ಹಂಚಿದ್ದಕ್ಕೆಲ್ಲ ಲೆಕ್ಕ ಇಡೋಕಾಗ್ತದಾ, ಎಂದನಂತೆ. ಇರಬಹುದು, ಇರದೆಯೂ ಇರಬಹುದು. ಆಮೇಲೆ ಅನುಮಾನ ತ್ರಿವೇಣಿಯ ಮೇಲೆಯೇ, ಹೌದು, ಹೆತ್ತ ಮಗಳ ಮಗಳ ಮೇಲೆಯೇ, ಅವಳು ಫೋನು ಮುಚ್ಚಿಕೊಂಡು ನಕ್ಕರೆ ಏನು ಬರುತ್ತಿದೆ ಯಾರು ಕಳಿಸಿದರು ಎಂದು ಕಣ್ಣು ಓರೆ ಮಾಡಿದೆ, ಅದು ಯಾವುದೋ ಬೆಕ್ಕಿನ ವಿಡಿಯೋ. ಕೊನೆಗೆ ಉಳಿದದ್ದು ಮುನಿಲಕ್ಷ್ಮಿ. ದೀಪಾವಳಿಯ ಹಿಂದಿನ ವಾರ ಅವಳು ಮುಳಬಾಗಿಲು ಬಸ್ಸು ಹತ್ತಿದ್ದನ್ನು ನಾನೇ ನೋಡಿದೆ, ಹಸಿರು ರೇಷ್ಮೆಯಂಥ ಸೀರೆ, ಕಂಕುಳಲ್ಲಿ ಚೀಲ, ಎಲ್ಲಿಗೆ ಹೋಗಿದ್ದೆ ಎಂದು ಸಂಜೆ ಕೇಳಿದರೆ, ಎಲ್ಲೂ ಇಲ್ಲ ಬುಡಕ್ಕಯ್ಯಾ, ಸುಮ್ನೆ, ಎಂದಳು. ಮುಳಬಾಗಿಲಿಗೆ ಸುಮ್ಮನೆ ಯಾರು ಹೋಗುತ್ತಾರೆ? ಅಲ್ಲಿ ಅವಳಿಗೆ ನೆಂಟರಿಲ್ಲ, ಅಲ್ಲಿರುವುದು ಚಂದ್ರಮೋಹನ್‌ನ ಅಂಗಡಿ. ಹಾಡು ನಂದೇ ಎಂದು ಅವನ ಮೂಲಕ ಕಂಪನಿಯವರ ಮುಂದೆ ಬಾಯಿ ಬಿಟ್ಟಿರಬೇಕು, ತಿರುಗಿ ಹಾಡಿದವಳು ತಾನೇ, ನಂದೂ ಪಾಲಿದೆ ಎಂದಿರಬೇಕು. ಸೆರಗು ಸರಿಮಾಡಿಕೊಂಡದ್ದು ಆಗ.

ಲಾಯರ್ ಪದ್ಮಶ್ರೀ ಮೇಡಂ ಬೇರೆ, ಶ್ರೀನಿವಾಸಪುರದ ಕೋರ್ಟಿನ ಎದುರು, ತ್ರಿವೇಣಿ ಕರೆದುಕೊಂಡು ಹೋಗಿದ್ದಳು, ಚಿಕ್ಕ ವಯಸ್ಸು, ನೆಟ್ಟಗೆ ಮಾತಾಡುವವಳು, ನಾನು ಏನೇ ಹೇಳಿದರೂ ಮತ್ತೆ ಅದೇ ಕೇಳುವಳು, ಅಮ್ಮಾ, ಇದು ನೀವು ಕಟ್ಟಿದ್ದಾ, ಹಿರಿಯರಿಂದ ಬಂದಿದ್ದಾ? ನೀವು ಕಟ್ಟಿದ್ದಾದ್ರೆ ಕಟ್ಟಿದ ಗಳಿಗೆಯಿಂದ್ಲೇ ಹಕ್ಕು ನಿಮ್ದು, ಎಲ್ಲೂ ನೋಂದಣಿ ಮಾಡಿಸ್ಬೇಕಂತಿಲ್ಲ. ಹಿರಿಯರಿಂದ ಬಂದಿದ್ದಾದ್ರೆ ಅದು ಎಲ್ರದೂ, ಅವರ ಡೋಲು ಅವರದು, ಹಾಡು ಮಾತ್ರ ಅವರದಲ್ಲ. ಎರಡ್ರಲ್ಲಿ ಒಂದು ನೀವು ಹೇಳ್ಬೇಕು, ನಿಮ್ಮ ಕೈಯಲ್ಲೇ ಬರೀಬೇಕು, ನೀವು ಕಟ್ಟಿದಾಗ ಜೊತೆಗಿದ್ದೋರು ಯಾರಾದ್ರೂ ಇದ್ರೆ ಕೆಳಗೆ ಅವರೂ ರುಜು ಹಾಕ್ಲಿ, ಬಲ ಬರ್ತದೆ. ಬರೆದೆ. ಜಗಲಿಯಲ್ಲಿ ಕಲಿತ ಅಕ್ಷರ, ಗುಂಡಗೆ, ಬಿಡಿಬಿಡಿಯಾಗಿ, ಈ ಹಾಡು ನನ್ನದು, ನನ್ನ ಮಗಳ ಮದುವೆಗೆ ಹುಳದ ಮನೆಯಲ್ಲಿ ನಾನು ಕಟ್ಟಿದ್ದು, ನನ್ನ ಹಾಡನ್ನು ನಾನು ಹಾಡುವುದಕ್ಕೆ ಅಡ್ಡಿ ಮಾಡಬಾರದು. ಕೆಳಗೆ ನನ್ನ ಹೆಸರು. ಅದರ ಕೆಳಗೆ ಖಾಲಿ. ಆ ಖಾಲಿ ಜಾಗಕ್ಕೆ ಒಬ್ಬಳೇ ಬರಬಹುದು, ಅವಳ ಬಾಗಿಲಿಗೆ ನಾನು ಹೋಗಲಾರೆ, ಕಾಗದ ದೇವರ ಗೂಡಿನಲ್ಲಿ ಕೂತಿತು, ಅಮ್ಮಮ್ಮ, ವಿಡಿಯೋ ತೆಗೆದಿದ್ದಕ್ಕೆ ಉತ್ತರ ಕೊಡೋಕೆ ಗಡುವು ಐತೆ, ಕಳಿಸೋಣ, ಎಂದು ತ್ರಿವೇಣಿ, ನೋಡೋಣ ಎಂದು ನಾನು, ಕಳಿಸೋಣ, ನೋಡೋಣ, ಅವರೆ ಹೂಬಿಟ್ಟಾಗ ಬರೆದದ್ದು, ಈಗ ಕಾಯಿ ಬಲಿತು ಹಿತುಕುತ್ತಿದ್ದೇನೆ.

ಅಮ್ಮಮ್ಮಾ — ಒಳಗಿಂದ ಓಡಿ ಬರುತ್ತಿದ್ದಾಳೆ, ಚಪ್ಪಲಿ ಹಾಕದೆ, ಸಿಪ್ಪೆ ತುಳಿದು ಜಾರಿ, ಕಂಪನಿಯೋರು ಇವತ್ತು ಇದು ಹಾಕವ್ರೆ ನೋಡು, ಹಾಡು ಎಲ್ಲಿಂದ ಸಿಕ್ತು ಅಂತ. ಫೋನನ್ನು ನನ್ನ ಮುಖಕ್ಕೆ ಹಿಡಿದಳು, ಕೈ ಒದ್ದೆ, ಮುಟ್ಟಬೇಡ ಎಂದೆ ನನಗೆ ನಾನೇ. ಆಂಜಿಯ ಮದುವೆ. ಚಂದ್ರಮೋಹನ್‌ನ ದನಿ, ಈ ಪದ ಯಾರದಮ್ಮಾ? ಎದುರಿಗೆ ಎಲೆಅಡಿಕೆ ತುಂಬಿದ ಕೆಂಪು ಬಾಯಿಯ ಮುದುಕಿ, ಕೈ ಬೀಸಿ, ನಂದಲ್ಲಪ್ಪಾ, ಯಾರದೂ ಅಲ್ಲ, ಅಮ್ಮನೋರು ಕೊಟ್ಟಿದ್ದು, ಎನ್ನುತ್ತಾಳೆ. ನಾನು. ಯಾರ ಬಾಯಿ ಎಂದು ಇಷ್ಟು ದಿನ ಊರೆಲ್ಲ ಹುಡುಕಿದೆನೋ ಆ ಬಾಯಿ. ಹಾಗೆನ್ನದೆ ಇನ್ನೇನು ಎನ್ನಲಿ, ಹಸೆಗೆ ಹಾಡುವವರು ಯಾರಾದರೂ ನಂದು ಎನ್ನುವುದುಂಟೇ, ನನ್ನ ಅತ್ತೆ ಎನ್ನಲಿಲ್ಲ, ಅವರ ಅತ್ತೆ ಎನ್ನಲಿಲ್ಲ, ಪದ ಯಾರದು ಎಂದು ಕೇಳಿದರೆ ಅಮ್ಮನವರದು ಎಂದು ಕೈ ಮುಗಿಯಬೇಕು, ಊಟ ಹೇಗಿತ್ತು ಎಂದರೆ ಚೆನ್ನಾಗಿತ್ತು ಎಂದ ಹಾಗೆ, ಅದೊಂದು ಮರ್ಯಾದೆ, ಮದುವೆ ಮನೆಯಲ್ಲಿ ನಾನು ಕಟ್ಟಿದ್ದು ಎಂದು ಎದೆ ತಟ್ಟಿಕೊಂಡರೆ ತಾಂಬೂಲ ಕೊಡುವವರೂ ನಗುತ್ತಾರೆ. ಆ ಮರ್ಯಾದೆಯನ್ನು ಅವರು ನಾನೇ ಸಹಿ ಮಾಡಿಕೊಟ್ಟ ಕಾಗದದ ಹಾಗೆ ಎತ್ತಿಟ್ಟುಕೊಂಡರು, ಕೆಳಗೆ ಬರೆದಿದ್ದಾರೆ, ತ್ರಿವೇಣಿ ಓದಿದಳು, ಯಾರದೂ ಅಲ್ಲದ ಜನಪದ ಹಾಡನ್ನು ಉಳಿಸಿದ್ದೇವೆ. ಯಾರದೂ ಅಲ್ಲದ್ದು ಅವರದು ಹೇಗಾಯಿತು? ಇರಲಿ, ಅದನ್ನು ಪದ್ಮಶ್ರೀ ಮೇಡಂ ಕೇಳಲಿ, ನಾನು ನೋಡುತ್ತಿರುವುದು ಅದನ್ನಲ್ಲ, ಮತ್ತೆ ಹಾಕೇ, ಎಂದೆ. ಮತ್ತೆ. ನಾನು ಕೈ ಬೀಸಿದ ಮೇಲೆ ನನ್ನ ಹೆಗಲ ಹಿಂದಿನಿಂದ ಮುನಿಲಕ್ಷ್ಮಿ ಮುಂದೆ ಬಾಗುತ್ತಾಳೆ, ಬಾಯಿ ತೆರೆಯುತ್ತಾಳೆ, ಬೆರಳು ಎತ್ತುತ್ತಾಳೆ, ಅಷ್ಟೇ, ಅಲ್ಲಿಗೆ ಕತ್ತರಿಸಿದ್ದಾರೆ. ಮತ್ತೆ ಹಾಕು. ಬಾಗುತ್ತಾಳೆ, ಬಾಯಿ, ಬೆರಳು. ಬೆರಳು ನನ್ನ ಕಡೆಗೋ? ನನ್ನ ಪಕ್ಕದಲ್ಲಿ ತಾಂಬೂಲದ ತಟ್ಟೆಯೂ ಇತ್ತು, ತಟ್ಟೆಯ ಕಡೆಗೋ? ಇವಳೇ ಕಟ್ಟಿದ್ದು ಎನ್ನಲಿದ್ದಳೋ, ನಂದೂ ಪಾಲಿದೆ ಎನ್ನಲಿದ್ದಳೋ, ಎಲೆಗೆ ಸುಣ್ಣ ಕೊಡು ಎನ್ನಲಿದ್ದಳೋ?

ಕೈ ತೊಳೆದು ಎದ್ದೆ, ದೇವರ ಗೂಡಿನಿಂದ ಕಾಗದ ತೆಗೆದೆ, ಅರಿಶಿನದ ಕಲೆ ಒಂದು ಮೂಲೆಗೆ ಹತ್ತಿದೆ, ತ್ರಿವೇಣಿ ಹಿಂದೆಯೇ, ಎಲ್ಲಿಗೆ ಅಮ್ಮಮ್ಮ, ಎಂದು ಕೇಳುತ್ತ. ಬೀದಿ ದಾಟಿದರೆ ಅವಳ ಮನೆ, ಇಷ್ಟು ದಿನ ಎಷ್ಟು ದೂರವಾಗಿತ್ತು, ಮುನಿಲಕ್ಷ್ಮಿ ಅಂಗಳದಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು, ನೋಡಿದಳು, ನಿಲ್ಲಿಸಲಿಲ್ಲ, ಏನಕ್ಕಯ್ಯಾ, ದಾರಿ ತಪ್ಪಿತಾ, ಸೆರಗು ಸರಿಯಾಗಿಯೇ ಐತಲ್ಲ ಇವತ್ತು. ಅನ್ನಲಿ, ಅನ್ನುವ ಹಕ್ಕು ಅವಳಿಗಿದೆ. ಮುಳಬಾಗಿಲಿಗೆ ಯಾಕೆ ಹೋಗಿದ್ದೆ, ಎಂದು ಕೇಳಿಯೇಬಿಟ್ಟೆ, ಬೇರೆ ಮಾತು ಬರಲಿಲ್ಲ. ಮೊರ ನಿಂತಿತು. ಆ ಚಂದ್ರಮೋಹನನ ಹತ್ರ, ಇಡೀ ವಿಡಿಯೋ ಕೊಡಪ್ಪ, ಅಕ್ಕಯ್ಯಂಗೆ ಬೇಕು, ಅಂತ ಕೇಳೋಕೋಗಿದ್ದೆ, ಅಳಿಸ್ಬಿಟ್ಟಿದೀನಿ ಅಂದ, ಬರಿಗೈಲಿ ಬಂದೆ, ಬರಿಗೈಲಿ ಬಂದೋಳು ನಿಂಗೇನಂತ ಹೇಳ್ಲಿ, ಆಮೇಲೆ ನೀನು ಮುಖಾನೇ ತೋರಿಸ್ಲಿಲ್ಲ. ಇರಬಹುದು. ಕೇಳಲು ಚೆನ್ನಾಗಿದೆ. ಚೆನ್ನಾಗಿರುವುದೆಲ್ಲ ನಿಜವೇ? ತ್ರಿವೇಣಿ ವಿಡಿಯೋ ತೋರಿಸಿದಳು, ನಾನು ಮುನಿಲಕ್ಷ್ಮಿಯ ಮುಖ ನೋಡುತ್ತಿದ್ದೆ, ರೆಪ್ಪೆ, ತುಟಿ, ಮೂಗುಬೊಟ್ಟು, ಎಲ್ಲವನ್ನೂ. ನಂದಲ್ಲಪ್ಪಾ ಎಂದದ್ದು ಕೇಳಿ, ಅಯ್ಯೋ ದೇವುಡಾ, ಇದ್ಕಾ ನನ್ ಮೇಲೆ ಮುನಿಸ್ಕೊಂಡಿದ್ದು, ನಿನ್ ಬಾಯಿಗೆ ಬೀಗ ಹಾಕ್ಬೇಕಿತ್ತು ಕಣೇ, ಎಂದು ನಕ್ಕಳು, ಆಮೇಲೆ ತಾನು ಬಾಯಿ ತೆರೆದು ನಿಂತದ್ದು ನೋಡಿ ನಗು ನಿಲ್ಲಿಸಿದಳು. ಅಲ್ಲಿ ಏನಂದೆ ನೀನು? ನೆನಪಿಲ್ಲ ಕಣಕ್ಕಯ್ಯಾ. ನೆನಪು ಮಾಡ್ಕೋ. ಏನಂದೆನೋ, ಎಷ್ಟು ಮದ್ವೆ, ಎಷ್ಟು ಗಲಾಟೆ, ಯಾವುದಂತ ನೆನಪಿಟ್ಕೊಳ್ಳಲಿ — ಸುಳ್ಳು ಹೇಳುವವಳಾದರೆ ಇಲ್ಲೇ ಹೇಳಬಹುದಿತ್ತು, ನೀನೇ ಕಟ್ಟಿದ್ದು ಅಂದೆ ಎಂದರೆ ಮುಗಿಯುತ್ತಿತ್ತು, ನನಗೆ ಬೇಕಾದದ್ದು ಅದೇ ಎಂದು ಅವಳಿಗೆ ಗೊತ್ತು, ಹೇಳಲಿಲ್ಲ. ಅಥವಾ ಹೀಗೆ ಹೇಳದಿದ್ದರೆ ನಾನು ನಂಬುತ್ತೇನೆ ಎಂದೂ ಅವಳಿಗೆ ಗೊತ್ತಿರಬಹುದು. ಕಾಗದ ಚಾಚಿದೆ. ಓದಿಕೊಂಡಳು, ತುಟಿ ಆಡಿಸುತ್ತ, ಹುಳದ ಮನೆ ಎಂಬಲ್ಲಿ ಬೆರಳು ನಿಂತಿತು, ಸೊಪ್ಪು ನಾನು ಹೊತ್ತಿದ್ದೆ, ಅದೂ ಬರೀಬೇಕಿತ್ತು, ಎಂದಳು. ಬರೀತೀನಿ, ಎಂದೆ, ಬರೆದೆ, ಸೊಪ್ಪು ಹೊತ್ತು ತಂದವಳು ಮುನಿಲಕ್ಷ್ಮಿ, ಮೊದಲು ಕೇಳಿದವಳೂ ಅವಳೇ. ಅವಳು ಕೆಳಗೆ ಹೆಡೆ ಎತ್ತಿದ ಹಾವಿನಂತೆ ಮು ಬರೆದಳು, ನಿಧಾನವಾಗಿ ಉಳಿದದ್ದೂ. ತ್ರಿವೇಣಿ ಕಾಗದವನ್ನು ಮೊರದ ಮೇಲಿಟ್ಟು ಫೋಟೋ ಹಿಡಿದಳು, ಏನೇನೋ ಒತ್ತಿದಳು, ಈ ಮಾತೆಲ್ಲ ನಿಜ ಅಂತ ಒಪ್ಕೋತೀರಾ ಅಂತ ಕೇಳ್ತಾರೆ, ಒತ್ಲಾ ಅಮ್ಮಮ್ಮ? ಒತ್ತು. ಒಂದು ಸಣ್ಣ ಸದ್ದು. ಹೋಯ್ತು. ಇಷ್ಟೇನಾ, ಎಂದಳು ಮುನಿಲಕ್ಷ್ಮಿ, ಬಸ್ಸು ಇನ್ನೂ ಯಲ್ದೂರೇ ದಾಟಿರಲ್ಲ, ಬೆಂಗಳೂರು ಸೇರಿಬಿಡ್ತಾ. ಸೇರಿತು, ಅಲ್ಲಿ ಯಾರು ಓದುತ್ತಾರೋ, ಓದಿ ಇದಕ್ಕೂ ಡೋಲು ಹಚ್ಚುತ್ತಾರೋ, ಈ ಹಾಡು ನನ್ನದು ಎಂದು ತುಟಿಗೆ ಬಣ್ಣ ಹಚ್ಚಿದ ಹುಡುಗಿ ಹಾಡುತ್ತಾಳೋ, ಹಾಡಲಿ, ಬರೆದದ್ದು ಬರೆದಾಯಿತು, ನನ್ನದು ಎಂದು ನಾನು ಅಂದಾಯಿತು, ಮುನಿಲಕ್ಷ್ಮಿ ಮತ್ತೆ ಮೊರ ಎತ್ತಿಕೊಂಡಿದ್ದಾಳೆ, ಹೊಟ್ಟು ಹಾರುತ್ತಿದೆ, ಅವತ್ತು ಏನಂದೆ ಎಂದು ನಾನು ಕೇಳುವುದಿಲ್ಲ, ಇನ್ನು ಕೇಳುವುದಿಲ್ಲ, ತ್ರಿವೇಣಿಯ ಕೈಯಲ್ಲಿ ಫೋನು ತಾನಾಗಿ ಆ ವಿಡಿಯೋಗೆ ತಿರುಗಿದೆ, ಸದ್ದಿಲ್ಲದೆ ಓಡುತ್ತಿದೆ, ನನ್ನ ಹೆಗಲ ಹಿಂದಿನಿಂದ ಅವಳು ಮುಂದೆ ಬಾಗುತ್ತಾಳೆ, ಬಾಯಿ ತೆರೆಯುತ್ತಾಳೆ, ಬೆರಳು, ಕತ್ತರಿಸಿದೆ, ಮತ್ತೆ ಬಾಗುತ್ತಾಳೆ, ಬಾಯಿ ತೆರೆಯುತ್ತಾಳೆ, ಬೆರಳು —